ರಾತ್ರಿ ಊಟದ ನಂತರದ ಸಿಹಿಯ ಆಸೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಊಟ ಬಲ್ಲವನು ಯಾರು? ಏನನ್ನು ತಿನ್ನಬೇಕೆಂದು ತಿಳಿದವನು, ಯಾವಾಗ ಏಳಬೇಕೆಂದೂ ತಿಳಿದವನು. ಈ ಎರಡನೆಯ ವಿದ್ಯೆ ಮೊದಲನೆಯದಕ್ಕಿಂತ ಕಷ್ಟದ್ದು.

ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಸಕ್ಕರೆಯಿಲ್ಲದ ಚಹಾ, ಮಧ್ಯಾಹ್ನ ಅಳತೆಯ ಅನ್ನ. ಹಗಲೆಲ್ಲ ನಿಯಮ ತಪ್ಪಿಲ್ಲ. ರಾತ್ರಿ ಊಟ ಮುಗಿದು ಕೈತೊಳೆದ ಹತ್ತು ನಿಮಿಷಕ್ಕೆ ನಾಲಗೆ ಏನನ್ನೋ ಕೇಳತೊಡಗುತ್ತದೆ. ಡಬ್ಬಿಯಲ್ಲಿ ಯಾರದೋ ಮದುವೆಯ ಲಾಡು ಇದೆ, ಫ್ರಿಜ್ಜಿನಲ್ಲಿ ಮಕ್ಕಳಿಗೆಂದು ತಂದ ಐಸ್‌ಕ್ರೀಂ ಇದೆ. ಒಂದು ತುಂಡು ಎಂದು ಆರಂಭವಾದದ್ದು ಮೂರಕ್ಕೆ ನಿಲ್ಲುತ್ತದೆ. ಮಲಗುವಾಗ ಹೊಟ್ಟೆ ಭಾರ, ಮನಸ್ಸು ಇನ್ನೂ ಭಾರ. ಪ್ರಿಯ ಓದುಗರೇ, ಇದು ನಿಮ್ಮಲ್ಲಿ ಅನೇಕರ ಅನುಭವವಾಗಿರಬಹುದು.

"ಇಷ್ಟು ಸಣ್ಣ ವಿಷಯಕ್ಕೆ ಧರ್ಮದ ಪುಟದಲ್ಲಿ ಜಾಗವೇಕೆ?" ಎಂದು ಕೇಳುವಿರಾ? ವಿಷಯ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2021ರಲ್ಲಿ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದರು. ನಮ್ಮ ಧರ್ಮಕೇಂದ್ರಗಳಲ್ಲಿ ಈ ಕಾಯಿಲೆಯ ಮಾತ್ರೆಯಿಲ್ಲದ ಕುಟುಂಬ ಎಷ್ಟಿದೆ, ನೀವೇ ಯೋಚಿಸಿ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಪೆಟ್ಟು ಬೀಳುವುದು ಮೆಲ್ಲಮೆಲ್ಲನೆ, ಇಂಥ ಸಣ್ಣ ವಿಷಯಗಳಿಂದಲೇ.

ಈ ಆಸೆ ಎಲ್ಲಿಂದ ಬರುತ್ತದೆ?

ಹೊಟ್ಟೆ ತುಂಬಿದ ಮೇಲೂ ಸಿಹಿಗೆ ಮಾತ್ರ ಜಾಗವಿರುವುದು ಹೇಗೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ದೇಹದ ರಚನೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದಂತೆ ಆ ರುಚಿಯ ಮೇಲಿನ ಆಸೆ ತಗ್ಗುತ್ತದೆ, ಬೇರೆ ರುಚಿಯ ಮೇಲಿನದು ಹಾಗೆಯೇ ಉಳಿಯುತ್ತದೆ. ಮೀನು ಸಾರು ಸಾಕೆನಿಸಿದವನಿಗೆ ಪಾಯಸ ಬೇಕೆನಿಸುವುದು ಇದರಿಂದಲೇ. ಜರ್ಮನಿಯ ಕೊಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಸ್ವಾರಸ್ಯಕರವಾಗಿದೆ. ಇಲಿಗಳ ಮಿದುಳಿನಲ್ಲಿ "ಹೊಟ್ಟೆ ತುಂಬಿತು" ಎಂದು ತಿಳಿಸುವ ನರಕೋಶಗಳೇ, ಸಕ್ಕರೆ ಸಿಕ್ಕಾಗ ಸುಖ ಕೊಡುವ ರಸವನ್ನೂ ಸುರಿಸುತ್ತವೆ. ಮನುಷ್ಯರ ಮಿದುಳಿನ ಅದೇ ಭಾಗವೂ ಸಕ್ಕರೆಗೆ ಸ್ಪಂದಿಸುವುದನ್ನು ಅವರು ಕಂಡರು. ಮುಂದಿನ ಊಟ ಯಾವಾಗಲೋ ಎಂಬ ಕಾಲದಲ್ಲಿ ಸಿಕ್ಕಿದ ಸಿಹಿಯನ್ನು ಬಿಡದಿರುವುದು ಜೀವ ಉಳಿಸುವ ಗುಣವಾಗಿದ್ದಿರಬೇಕು. ಇಂದು ಆ ಗುಣವೇ ನಮಗೆ ಹೊರೆ.

ಎರಡನೆಯದು ಹೊತ್ತು. ಗಡಿಯಾರವಾಗಲಿ ಬಿಸಿಲಾಗಲಿ ಕಾಣದ ಕೋಣೆಯಲ್ಲಿ ಕೆಲವರನ್ನಿರಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ದೇಹದ ಒಳಗಿನ ಗಡಿಯಾರದಂತೆ ಹಸಿವು ಮತ್ತು ಸಿಹಿಯ ಆಸೆ ಬೆಳಿಗ್ಗೆ ಸುಮಾರು 8ಕ್ಕೆ ಅತಿ ಕಡಿಮೆ, ರಾತ್ರಿ ಸುಮಾರು 8ಕ್ಕೆ ಅತಿ ಹೆಚ್ಚು ಎಂದು ಅದು ತೋರಿಸಿತು. ದಿನದ ದಣಿವೂ ಆಗಲೇ ಬಂದು ಸೇರುತ್ತದೆ. ಹಗಲಿನಲ್ಲಿ ಗಟ್ಟಿಯಾಗಿದ್ದ ನಿರ್ಧಾರ ರಾತ್ರಿ ಮೆತ್ತಗಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಅಭ್ಯಾಸ. ಟಿ.ವಿ.ಯ ಮುಂದೆ ಕುಳಿತೊಡನೆ ಕೈ ಡಬ್ಬಿಗೆ ಹೋಗುವುದು, ರಾತ್ರಿ ಊಟವಾದ ಮೇಲೆ ಕುಟುಂಬ ಸಮೇತ ಐಸ್‌ಕ್ರೀಂ ಪಾರ್ಲರಿಗೆ ಹೊರಡುವುದು. ನಮ್ಮ ಮಂಗಳೂರಿಗೆ ಐಸ್‌ಕ್ರೀಂ ಬಹಳ ಪ್ರಿಯವಾದದ್ದು. ಐಡಿಯಲ್ ಐಸ್‌ಕ್ರೀಂ ಇಲ್ಲಿ 1975ರಲ್ಲಿ ಆರಂಭವಾಯಿತು. ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಂ ತುಂಬಿದ ಗಡ್‌ಬಡ್ ಎಂದರೆ ಊರಿಗೆ ಬಂದ ನೆಂಟರೂ ಕೇಳಿ ತಿನ್ನುತ್ತಾರೆ. ಅಪರೂಪಕ್ಕೆ ಅದು ಸಂತೋಷವೇ. ವಾರಕ್ಕೆ ನಾಲ್ಕು ರಾತ್ರಿ ಆದಾಗ ಸಂತೋಷ ಹಿಂದೆ ಸರಿದು ಅಭ್ಯಾಸ ಮುಂದೆ ಬರುತ್ತದೆ. ಪದೇ ಪದೇ ಮಾಡಿದ ಕ್ರಿಯೆ ನಮ್ಮೊಳಗೆ ಒಂದು ಒಲವನ್ನು ಕಟ್ಟುತ್ತದೆ, ಮಾಡದೆ ಬಿಟ್ಟಾಗ ಆ ಒಲವು ಸೊರಗುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರೆ. ಈ ಮೂರನೆಯ ಕಾರಣದಲ್ಲಿಯೇ ನಮ್ಮ ಭರವಸೆಯೂ ಇದೆ.

ಆಸೆಯೇ ಪಾಪವೇ?

ಅಲ್ಲ. ಸಿಹಿಯನ್ನು ಸೃಷ್ಟಿಸಿದವರು ದೇವರು, ಅದನ್ನು ಸವಿಯುವ ನಾಲಗೆಯನ್ನು ಕೊಟ್ಟವರೂ ಅವರೇ. ಜೇನು ಸಿಕ್ಕಿದವನು ಅದನ್ನು ತಿನ್ನಬಾರದೆಂದು ಜ್ಞಾನೋಕ್ತಿ ಗ್ರಂಥ ಹೇಳುವುದಿಲ್ಲ. ಬೇಕಾದಷ್ಟನ್ನೇ ತಿನ್ನಲಿ, ಮಿತಿ ಮೀರಿ ಕಕ್ಕುವಂತಾಗದಿರಲಿ ಎಂಬ ಅರ್ಥದಲ್ಲಿ ಅದರ 25ನೆಯ ಅಧ್ಯಾಯ ಎಚ್ಚರಿಸುತ್ತದೆ.

ಹೊಟ್ಟೆಬಾಕತನದ ದೋಷ ಆಹಾರದಲ್ಲಿಲ್ಲ, ಕ್ರಮ ತಪ್ಪಿದ ಆಸೆಯಲ್ಲಿದೆ ಎಂದು ಸಂತ ಥಾಮಸರು ಹೇಳುತ್ತಾರೆ. ಸಂತ ಮಹಾ ಗ್ರೆಗೊರಿಯವರನ್ನು ಅನುಸರಿಸಿ ಅವರು ಅದರ ಐದು ರೂಪಗಳನ್ನು ಎಣಿಸುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದದ್ದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ನುಂಗುವುದು, ಅಡುಗೆ ಹೀಗೇ ನಾಜೂಕಾಗಿರಬೇಕೆಂದು ಹಟ ಹಿಡಿಯುವುದು. ಗಮನಿಸಿ, ಐದರಲ್ಲಿ ಒಂದು ಮಾತ್ರ ಪ್ರಮಾಣದ ವಿಷಯ. ಆದ್ದರಿಂದ ತೆಳ್ಳಗಿನವನೂ ಹೊಟ್ಟೆಬಾಕನಾಗಿರಬಹುದು. ದಪ್ಪಗಿರುವವರು ಹೊಟ್ಟೆಬಾಕರೇ ಆಗಿರಬೇಕೆಂದಿಲ್ಲ. ವಂಶ, ಔಷಧ, ಥೈರಾಯ್ಡ್, ಹೆರಿಗೆ, ಕುಳಿತು ಮಾಡುವ ಕೆಲಸ ಎಲ್ಲವೂ ತೂಕದ ಮೇಲೆ ಪ್ರಭಾವ ಬೀರುತ್ತವೆ. ಮೈಕಟ್ಟು ನೋಡಿ ಮನಸ್ಸನ್ನು ತೀರ್ಪು ಮಾಡುವ ಹಕ್ಕು ನಮಗಿಲ್ಲ.

ಹಾಗಾದರೆ ಪರಿಶೀಲಿಸಬೇಕಾದದ್ದೇನು? ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿ, ಅನುಮತಿ ಇರುವ ವಿಷಯವೂ ತಮ್ಮ ಮೇಲೆ ಅಧಿಕಾರ ನಡೆಸಲು ತಾವು ಬಿಡುವುದಿಲ್ಲವೆಂದು ಸೂಚಿಸುತ್ತಾರೆ. ಅದೇ ಅಧ್ಯಾಯದಲ್ಲಿ ನಮ್ಮ ದೇಹ ಪವಿತ್ರಾತ್ಮರ ಆಲಯವೆಂದೂ ಕಲಿಸುತ್ತಾರೆ. ನಾನು ಲಾಡನ್ನು ತಿನ್ನುತ್ತಿದ್ದೇನೆಯೇ, ಲಾಡು ನನ್ನನ್ನು ನಡೆಸುತ್ತಿದೆಯೇ? ಇದೇ ಪ್ರಶ್ನೆ.

ಜೀವ ಮತ್ತು ಆರೋಗ್ಯ ದೇವರು ನಮಗೆ ಒಪ್ಪಿಸಿದ ಅಮೂಲ್ಯ ವರಗಳು, ಅವನ್ನು ವಿವೇಕದಿಂದ ನೋಡಿಕೊಳ್ಳಬೇಕು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಕಲಿಸುತ್ತದೆ. ಅದರೊಡನೆಯೇ ದೇಹವನ್ನು ಪೂಜಿಸುವ ಪ್ರವೃತ್ತಿಯನ್ನೂ ಅದು ಖಂಡಿಸುತ್ತದೆ. ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ರೋಗಿಗಳಿಗೆ ಔಷಧ ಕೊಡಲು ತೊಡಗಿದ್ದು ದೇಹವೂ ದೇವರದೆಂಬ ನಂಬಿಕೆಯಿಂದ. ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂದು ತೂಕ ಇಳಿಸುವುದಕ್ಕೂ, ಮಕ್ಕಳನ್ನು ಸಾಕಲು ಆರೋಗ್ಯದಿಂದಿರಬೇಕೆಂದು ಇಳಿಸುವುದಕ್ಕೂ ಬಹಳ ಅಂತರವಿದೆ.

ಸಂತ ಇಗ್ನೇಷಿಯಸರ ಒಂದು ನಿಯಮ

ಯೇಸುಸಭೆಯವರು 1878ರ ಕೊನೆಗೆ ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅವರ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರ ಹೆಸರು ನಮಗೆ ಚಿರಪರಿಚಿತ. ಆದರೆ ಅವರ "ಆಧ್ಯಾತ್ಮಿಕ ಸಾಧನೆಗಳು" ಎಂಬ ಗ್ರಂಥದಲ್ಲಿ ಊಟದ ಬಗ್ಗೆಯೇ ಎಂಟು ನಿಯಮಗಳಿವೆ ಎಂಬುದನ್ನು ಬಲ್ಲವರು ಕಡಿಮೆ. 1548ರಲ್ಲಿ ಮೂರನೆಯ ಪೌಲ್ ಜಗದ್ಗುರುಗಳ ಒಪ್ಪಿಗೆ ಪಡೆದ ಗ್ರಂಥವದು.

ದಿನದ ರೊಟ್ಟಿಯಂಥ ಸಾದಾ ಆಹಾರದಲ್ಲಿ ಅಷ್ಟೊಂದು ಕಟ್ಟುನಿಟ್ಟು ಬೇಕಿಲ್ಲ, ಆಸೆ ಕೆರಳಿಸುವ ಭಕ್ಷ್ಯಗಳಲ್ಲಿ ಹೆಚ್ಚಿನ ಎಚ್ಚರ ಬೇಕು ಎನ್ನುತ್ತಾರೆ ಅವರು. ಭಕ್ಷ್ಯ ತಿನ್ನುವುದಾದರೆ ಸ್ವಲ್ಪವೇ ತಿನ್ನಬೇಕು. ಊಟದಲ್ಲಿ ಆತುರ ಬೇಡ. ಕ್ರಿಸ್ತರು ಶಿಷ್ಯರೊಡನೆ ಊಟಕ್ಕೆ ಕುಳಿತ ರೀತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೊನೆಯ ನಿಯಮವಂತೂ ನಮ್ಮ ವಿಷಯಕ್ಕೇ ಬರೆದಂತಿದೆ: ಮುಂದಿನ ಊಟದಲ್ಲಿ ಎಷ್ಟು ತಿನ್ನಬೇಕೆಂಬುದನ್ನು, ಊಟ ಮುಗಿದ ಮೇಲೆ ಅಥವಾ ತಿನ್ನುವ ಆಸೆ ಇಲ್ಲದ ಬೇರೊಂದು ಹೊತ್ತಿನಲ್ಲಿ ನಿಶ್ಚಯಿಸಬೇಕು. ಆಮೇಲೆ ಆಸೆ ಎಷ್ಟೇ ಒತ್ತಾಯಿಸಿದರೂ ಅದನ್ನು ದಾಟಬಾರದು.

ಇದರಲ್ಲಿರುವ ಮನಶ್ಶಾಸ್ತ್ರವನ್ನು ನೋಡಿ. ನಾವು ಸೋಲುವುದು ಬಹುಪಾಲು ಮನೋಬಲ ಇಲ್ಲದ್ದರಿಂದಲ್ಲ, ತಪ್ಪು ಹೊತ್ತಿನಲ್ಲಿ ನಿರ್ಧಾರ ಮಾಡಲು ಹೋಗುವುದರಿಂದ. ಡಬ್ಬಿಯ ಮುಚ್ಚಳ ಕೈಯಲ್ಲಿರುವಾಗ "ತಿನ್ನಲೋ ಬೇಡವೋ" ಎಂದು ಯೋಚಿಸುವವನು ಆಗಲೇ ಅರ್ಧ ತಿಂದಾಗಿದೆ. ರಾತ್ರಿ ಊಟವಾದೊಡನೆ ಸಿಹಿಯ ಆಸೆ ಏಳುವವರಿಗೆ ಆ ಹೊತ್ತು ಆಸೆ ಇಲ್ಲದ ಹೊತ್ತಲ್ಲ. ಅವರು ಬೆಳಗಿನ ತಿಂಡಿಯಾದ ಮೇಲೆ ನಿಶ್ಚಯಿಸಲಿ: "ಇಂದು ರಾತ್ರಿ ಊಟದ ನಂತರ ಏನೂ ಇಲ್ಲ" ಅಥವಾ "ಇಂದು ರಾತ್ರಿ ಒಂದು ಸಣ್ಣ ಬಾಳೆಹಣ್ಣು". ಮನೆಯವರಲ್ಲಿ ಒಬ್ಬರಿಗೆ ಅದನ್ನು ಹೇಳಲಿ. ರಾತ್ರಿ ಹೊಸ ನಿರ್ಧಾರ ಬೇಕಿಲ್ಲ, ಬೆಳಗಿನ ಮಾತಿಗೆ ನಡೆದುಕೊಂಡರೆ ಸಾಕು.

ಇಗ್ನೇಷಿಯಸರು ಇದನ್ನು ಪುಸ್ತಕದಿಂದ ಕಲಿತವರಲ್ಲ. 1522ರಲ್ಲಿ ಮನ್ರೇಸಾದಲ್ಲಿ ಕಠೋರ ಉಪವಾಸಗಳಿಂದ ಆರೋಗ್ಯ ಕೆಡಿಸಿಕೊಂಡಿದ್ದರು. ಮುಂದೆ 1548ರಲ್ಲಿ ಸಂತ ಫ್ರಾನ್ಸಿಸ್ ಬೋರ್ಜಿಯಾರಿಗೆ ಪತ್ರ ಬರೆದು, ದೇಹದಂಡನೆ ಕಡಿಮೆ ಮಾಡಿ ಹೊಟ್ಟೆಯ ಶಕ್ತಿ ಉಳಿಸಿಕೊಳ್ಳಲು ಸಲಹೆಯಿತ್ತರು. ಮಿತಿ ಎಂಬುದು ಎರಡೂ ಕಡೆಗೆ ಎಂದು ಅವರು ಅರಿತಿದ್ದರು.

ಮನೆಯಲ್ಲಿ ಮಾಡಬಹುದಾದದ್ದು

1. ಹಗಲಿನ ಲೆಕ್ಕ ನೋಡಿ. ಆಹಾರಕ್ಕೆ ಬೆರೆಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ತಾತ್ಪರ್ಯ. ಒಂದು ಟೀ ಚಮಚಕ್ಕೆ 4ರಿಂದ 5 ಗ್ರಾಂ ಹಿಡಿಯುತ್ತದೆ. ಎರಡು ಚಮಚದಂತೆ ಮೂರು ಲೋಟ ಚಹಾ ಕುಡಿದವರ ಪಾಲು ರಾತ್ರಿಗೆ ಮುಂಚೆಯೇ ಮುಗಿಯಿತು.

2. ರಾತ್ರಿಯ ಊಟ ಬಡವಾಗದಿರಲಿ. ತೂಕ ಇಳಿಸಲೆಂದು ಹಗಲೆಲ್ಲ ಹಸಿದಿದ್ದವರಿಗೆ ರಾತ್ರಿ ಸಿಹಿಯ ಕಾಟ ಹೆಚ್ಚು. ಬಟ್ಟಲಿನ ಅರ್ಧ ಬಸಳೆ, ಹರಿವೆ, ತೊಂಡೆಕಾಯಿಯಂಥ ತರಕಾರಿ, ಕಾಲು ಭಾಗ ಮೀನು, ಮೊಟ್ಟೆ, ಹೆಸರು ಅಥವಾ ಕಡಲೆ, ಉಳಿದ ಕಾಲು ಭಾಗ ಕುಚ್ಚಲಕ್ಕಿ ಅನ್ನ ಇರಲಿ. ಇಂಥ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

3. ಹೊತ್ತಿಗೆ ಊಟ ಮಾಡಿ. ಹಿಂದೆ ನಮ್ಮ ಮನೆಗಳಲ್ಲಿ ಸಂಜೆಯ ಗಂಟೆ ಬಾರಿಸಿದ ಮೇಲೆ ಜಪಸರ, ಹಿರಿಯರ ಆಶೀರ್ವಾದ, ಊಟ, ನಿದ್ರೆ. ಈಗ ಊಟ ಒಂಬತ್ತೂವರೆಗೆ, ಮೊಬೈಲ್ ಹನ್ನೊಂದರವರೆಗೆ. ಎಚ್ಚರ ಉದ್ದವಾದಷ್ಟೂ ಡಬ್ಬಿಯ ದಾರಿ ಹತ್ತಿರವಾಗುತ್ತದೆ. ನಿದ್ರೆ ಕಡಿಮೆಯಾದರೆ ಮರುದಿನ ಹಸಿವೂ ಹೆಚ್ಚುತ್ತದೆ.

4. ಊಟದ ನಂತರದ ಪ್ರಾರ್ಥನೆಯನ್ನು ಮರಳಿ ತನ್ನಿ. ಊಟಕ್ಕೆ ಮುಂಚಿನ ಪ್ರಾರ್ಥನೆ ಅನೇಕ ಮನೆಗಳಲ್ಲಿ ಉಳಿದಿದೆ, ನಂತರದ್ದು ಮರೆತುಹೋಗಿದೆ. ಎಲ್ಲರೂ ಕೃತಜ್ಞತೆ ಹೇಳಿ ಶಿಲುಬೆ ಗುರುತು ಹಾಕಿದಾಗ "ಇಂದಿನ ಪಾಲು ಸಿಕ್ಕಿತು, ಸಾಕು" ಎಂದು ಹೇಳಿದಂತಾಗುತ್ತದೆ. ಅದಾದ ಮೇಲೆ ಅಡುಗೆಮನೆಯ ದೀಪ ಆರಿಸಿ, ಹಲ್ಲುಜ್ಜಿಬಿಡಿ.

5. ಹತ್ತು ಹದಿನೈದು ನಿಮಿಷ ನಡೆಯಿರಿ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಥಟ್ಟನೆ ಏರುವುದನ್ನು ತಗ್ಗಿಸುತ್ತದೆ. ಮಳೆಗಾಲವಾದರೆ ಮನೆಯ ಜಗಲಿಯಲ್ಲೇ ಆಗಲಿ. ಗಂಡ ಹೆಂಡಿರು ಜೊತೆಯಾಗಿ ನಡೆದರೆ ನಾಲ್ಕು ಮಾತಿಗೂ ಸಮಯ ಸಿಕ್ಕೀತು.

6. ಕೈಗೆಟುಕದಂತೆ ಮಾಡಿ. ಮನೆಯಲ್ಲಿಲ್ಲದ ಸಿಹಿಯನ್ನು ರಾತ್ರಿ ಹತ್ತಕ್ಕೆ ತಿನ್ನಲಾಗದು. ಮೊಬೈಲಿನಲ್ಲಿ ಆಹಾರ ತರಿಸುವ ಸೌಲಭ್ಯವಿದ್ದರೆ ರಾತ್ರಿ ಊಟದ ನಂತರ ತರಿಸುವುದಿಲ್ಲವೆಂದು ಮನೆಮಂದಿಯೆಲ್ಲ ಒಪ್ಪಿಕೊಳ್ಳಿ.

7. ಮೋಸಹೋಗಬೇಡಿ. ಬೆಲ್ಲವೂ ಜೇನೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಸಕ್ಕರೆಯ ಬದಲಿಗೆ ಬಳಸುವ ಕೃತಕ ಸಿಹಿಗಳನ್ನು ತೂಕ ಇಳಿಸುವ ಉಪಾಯವಾಗಿ ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಇರುವವರು ಈ ಬಗ್ಗೆ ತಮ್ಮ ವೈದ್ಯರನ್ನೇ ಕೇಳಬೇಕು.

ಪ್ರತಿಫಲ ದೊಡ್ಡದೇ? ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ಚೆನ್ನೈಯ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆಹಾರ ಮತ್ತು ನಡಿಗೆಯ ಕ್ರಮ ಪಾಲಿಸಿದವರಲ್ಲಿ, ಪಾಲಿಸದವರಿಗಿಂತ, ಸಕ್ಕರೆ ಕಾಯಿಲೆಯ ಸಂಭವ ಶೇಕಡಾ 28ರಷ್ಟು ಕಡಿಮೆಯಾಗಿತ್ತು. ತೂಕದ ಯಂತ್ರದ ಮುಳ್ಳು ಹೆಚ್ಚು ಸರಿಯದಿದ್ದವರಿಗೂ ಪ್ರಯೋಜನ ಸಿಕ್ಕಿತು. ಪ್ರತಿ ವಾರ ತೂಕ ನೋಡಿ ನಿರಾಶರಾಗುವವರು ಇದನ್ನು ನೆನಪಿಡಲಿ.

ಒಬ್ಬರ ಹೊರೆ, ಎಲ್ಲರ ಹೊರೆ

ಮನೆಯಲ್ಲಿ ಒಬ್ಬರಿಗೆ ಮಾತ್ರ ಪಥ್ಯ, ಉಳಿದವರಿಗೆ ಅವರ ಮುಂದೆಯೇ ಐಸ್‌ಕ್ರೀಂ. ಇದು ನ್ಯಾಯವೇ? ಅನೇಕ ಮನೆಗಳಲ್ಲಿ ಅಮ್ಮ ಎಲ್ಲರಿಗೂ ಬಡಿಸಿ, ಮಕ್ಕಳು ಬಿಟ್ಟದ್ದನ್ನು "ಹಾಳಾಗಬಾರದು" ಎಂದು ತಾನೇ ತಿನ್ನುತ್ತಾಳೆ. ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಒಂದು ತುಂಡು ಸಿಹಿ ಬಾಯಿಗೆ ಹಾಕಿಕೊಳ್ಳುವುದು ದಿನವಿಡೀ ಅವಳಿಗೆ ಸಿಗುವ ಒಂದೇ ಬಿಡುವಿನ ಗಳಿಗೆಯೂ ಆಗಿರಬಹುದು. ಆಗ ಅವಳಿಗೆ ಬೇಕಾದದ್ದು ಉಪದೇಶವಲ್ಲ. ಪಾತ್ರೆ ತೊಳೆಯಲು ಒಂದು ಕೈ, "ಇಂದು ದಣಿದೆಯಾ?" ಎಂಬ ಒಂದು ಮಾತು. ಸಿಹಿ ಬೇಡುವ ಮನಸ್ಸು ಕೆಲವೊಮ್ಮೆ ನಿಜವಾಗಿ ಬೇಡುವುದು ಸಾಂತ್ವನವನ್ನು.

ಗಂಡಂದಿರೇ, ಹೆಂಡತಿಯ ಮೈಕಟ್ಟಿನ ಬಗ್ಗೆ ನೆಂಟರ ಮುಂದೆ ತಮಾಷೆ ಮಾಡಬೇಡಿ. ಹೆಂಡತಿಯರೇ, ಗಂಡನ ಡಬ್ಬಿ ಹಿಡಿದು ಪತ್ತೇದಾರಿಕೆ ಮಾಡಬೇಡಿ. ಗೇಲಿಯಿಂದ ಯಾರೂ ತೆಳ್ಳಗಾಗಲಿಲ್ಲ, ಕದ್ದು ತಿನ್ನಲು ಕಲಿತರಷ್ಟೇ. ಒಬ್ಬರ ಹೊರೆಯನ್ನು ಒಬ್ಬರು ಹೊರಬೇಕೆಂದು ಗಲಾತ್ಯರಿಗೆ ಬರೆದ ಪತ್ರ ಕಲಿಸುತ್ತದೆ. ರಾತ್ರಿಯ ಸಿಹಿಯನ್ನು ಮನೆಮಂದಿಯೆಲ್ಲ ಬಿಟ್ಟರೆ, ಬಿಡಲೇಬೇಕಾದವರಿಗೆ ಅದು ಅರ್ಧ ಹಗುರ. ಉಳಿದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿ, ತಿಂಗಳ ಕೊನೆಗೆ ಹಸಿದವರಿಗೆ ಕೊಡಿ. ಪಥ್ಯ ಉಪವಾಸವಾಗುವುದು ಆಗ.

ಹಬ್ಬದ ಸಿಹಿ ಹಬ್ಬಕ್ಕೆ

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೆನೆಯಿರಿ. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸಿದ ಮೇಲೆ ಹಬ್ಬದಂದು ಕೈಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ಹೊಸ ಅಕ್ಕಿಯ ಊಟ, ವೊರ್ನ್. ಕ್ರಿಸ್ಮಸ್‌ಗೆ ಕುಸ್ವಾರ್: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್. ತೆಂಗಿನಕಾಯಿ ತುರಿದು, ಹಿಟ್ಟು ನಾದಿ, ಮನೆಯವರೆಲ್ಲ ಕುಳಿತು ಮಾಡಿದ್ದನ್ನು ನೆರೆಹೊರೆಯ ಎಲ್ಲ ಧರ್ಮದವರಿಗೂ ತಟ್ಟೆಯಲ್ಲಿಟ್ಟು ಕಳುಹಿಸುತ್ತಿದ್ದೆವು. ಆ ಸಿಹಿಗೆ ಒಂದು ದಿನವಿತ್ತು, ದುಡಿಮೆಯಿತ್ತು, ಹಂಚಿಕೊಳ್ಳುವ ಜನರಿದ್ದರು.

ಈಗ ಬೇಕರಿಯಲ್ಲಿ ವರ್ಷವಿಡೀ ಕುಸ್ವಾರ್ ಸಿಗುತ್ತದೆ. ಪ್ರತಿ ರಾತ್ರಿ ಹಬ್ಬವಾದರೆ ಹಬ್ಬದ ದಿನ ಉಳಿಯುವುದೇನು? ರಾತ್ರಿಯ ಸಿಹಿಯನ್ನು ಬಿಡುವವನು ಸಿಹಿಯನ್ನು ದ್ವೇಷಿಸುವುದಿಲ್ಲ, ಅದರ ಗೌರವವನ್ನು ಮರಳಿ ಕೊಡುತ್ತಾನೆ. ವಾರಕ್ಕೊಮ್ಮೆ, ಪ್ರಭುವಿನ ದಿನವಾದ ಭಾನುವಾರ ಮಧ್ಯಾಹ್ನ, ಎಲ್ಲರೂ ಕುಳಿತು, ತಟ್ಟೆಯಲ್ಲಿ ಹಾಕಿಕೊಂಡು, ಸ್ವಲ್ಪವೇ ಆದರೂ ನಿಧಾನವಾಗಿ ಸವಿಯಿರಿ. ನೆರೆಯವರು ಪ್ರೀತಿಯಿಂದ ಕೊಟ್ಟ ತುಂಡನ್ನು ತಿರಸ್ಕರಿಸಿ ಮನಸ್ಸು ನೋಯಿಸಬೇಡಿ. ಪ್ರೀತಿಗೆ ಚಿಕ್ಕ ತುಂಡು ಸಾಕು.

ಕೆಲವು ಎಚ್ಚರಿಕೆಗಳು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ನಡುಕ, ಬೆವರು, ತಲೆಸುತ್ತು, ಗಲಿಬಿಲಿ ಕಂಡರೆ ಅದನ್ನು ಶೋಧನೆಯೆಂದು ಸಹಿಸಿ ಕೂರಬಾರದು. ರಕ್ತದ ಸಕ್ಕರೆ ಕುಸಿದಿರಬಹುದು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಕಿ ಕೂಡಲೇ ಕುಡಿಯಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು, ಬಳಿಕ ಏನಾದರೂ ತಿಂದು ವೈದ್ಯರಿಗೆ ತಿಳಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಗರ್ಭಿಣಿಯರು, ಬೆಳೆಯುವ ಮಕ್ಕಳು, ಬೇರೆ ಕಾಯಿಲೆಯವರು ವೈದ್ಯರನ್ನು ಕೇಳದೆ ತೂಕ ಇಳಿಸಲು ಹೊರಡಬಾರದು. ಮಗಳು ಊಟವನ್ನೇ ಬಿಡುತ್ತಿದ್ದರೆ, ಅಥವಾ ಯಾರಾದರೂ ತಡೆಯಲಾಗದಂತೆ ತಿಂದು ಬಲವಂತವಾಗಿ ವಾಂತಿ ಮಾಡುತ್ತಿದ್ದರೆ, ಅದು ಗದರಿಸುವ ವಿಷಯವಲ್ಲ, ಚಿಕಿತ್ಸೆಯ ವಿಷಯ. ನಾಚಿಕೆಪಡದೆ ವೈದ್ಯರ ಬಳಿ ಕರೆದೊಯ್ಯಿರಿ.

ಎಡವಿದರೆ?

ಎಡವುವಿರಿ. ನಾಲ್ಕು ರಾತ್ರಿ ಗೆದ್ದು ಐದನೆಯ ರಾತ್ರಿ ಸೋಲುವಿರಿ. ಆಗ "ಹೇಗೂ ಕೆಟ್ಟಿತು, ಇಡೀ ಡಬ್ಬಿ ಮುಗಿಸುವ" ಎನ್ನುವ ದನಿ ಕೇಳಿಬರುತ್ತದೆ. ಅದು ನಿರಾಶೆಯ ದನಿ, ದೇವರದ್ದಲ್ಲ. ಮುಚ್ಚಳ ಹಾಕಿ, ಪ್ರಭುವಿನಲ್ಲಿ ಕ್ಷಮೆ ಕೇಳಿ, ಮಲಗಿ. ಮರುದಿನ ತಿಂಡಿಯಾದ ಮೇಲೆ ಮತ್ತೆ ನಿಶ್ಚಯಿಸಿ. ಸದ್ಗುಣ ಒಂದೇ ರಾತ್ರಿಯಲ್ಲಿ ಬೆಳೆಯುವ ಗಿಡವಲ್ಲ.

ಈ ವಾರ ಮನೆಯಲ್ಲಿ ಒಟ್ಟಾಗಿ ಮಾತನಾಡಿ:

ನಮ್ಮ ಮನೆಯಲ್ಲಿ ರಾತ್ರಿಯ ಸಿಹಿ ಆಸೆಯಿಂದ ಬರುತ್ತಿದೆಯೇ, ಅಭ್ಯಾಸದಿಂದಲೇ, ದಣಿವಿನಿಂದಲೇ?

ಪಥ್ಯದಲ್ಲಿರುವವರಿಗೆ ನಾವು ನೆರವೋ ಅಡ್ಡಿಯೋ?

ಊಟದ ನಂತರದ ಪ್ರಾರ್ಥನೆಯನ್ನು ಇಂದಿನಿಂದಲೇ ಆರಂಭಿಸೋಣವೇ?

ಪ್ರಾರ್ಥನೆ: ಪ್ರಭುವೇ, ಇಂದಿನ ಅನ್ನಕ್ಕಾಗಿ ನಿಮಗೆ ವಂದನೆ. ಸಾಕು ಎನ್ನುವ ಬಲವನ್ನು ನಮಗೆ ಕೊಡಿ. ಹಸಿದವರನ್ನು ಮರೆಯದ ಹೃದಯವನ್ನು ಕೊಡಿ. ನೀವು ಒಪ್ಪಿಸಿದ ಈ ದೇಹವನ್ನು ನಿಮ್ಮ ಸೇವೆಗಾಗಿ ಕಾಪಾಡಿಕೊಳ್ಳಲು ಕಲಿಸಿ. ಆಮೆನ್.